ಸಹಾಯ ಬೇಕು: ದುಡ್ಡು ಕೊಟ್ಟು ತಗೊಂಡ ಪದ ಕಾರಿನಲ್ಲಿ ಕೇಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬದಿಯಡ್ಕದವನು. ಯಕ್ಷಗಾನ ಪದಗಳ ಒಂದು ಆಲ್ಬಂ ದುಡ್ಡು ಕೊಟ್ಟೇ ಡೌನ್‌ಲೋಡ್ ಮಾಡಿದ್ದೇನೆ. ಎಲ್ಲಾ ಫ್ಲಾಕ್ ಫೈಲುಗಳು (ಧ್ವನಿಯ ಗುಣಮಟ್ಟ ಕುಂದದ ಹಾಗೆ ಕುಗ್ಗಿಸಿದವು). 64 ಜಿಬಿ ಪೆನ್‌ಡ್ರೈವಿಗೆ ಹಾಕಿ ಕಾರಿನ ಸ್ಟೀರಿಯೋಗೆ ಸಿಕ್ಕಿಸಿದರೆ ‘ನೋ ಫೈಲ್’ ಅಂತ ತೋರಿಸಿ ಸುಮ್ಮನಾಗುತ್ತದೆ. ಅಣ್ಣನ ಹಳೇ 8 ಜಿಬಿ ಪೆನ್‌ಡ್ರೈವಿನ ಎಂಪಿ3 ಮಾತ್ರ ಚೆನ್ನಾಗಿ ಕೇಳುತ್ತದೆ.

ನನ್ನ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್‌ನಲ್ಲಿದೆ (ಡ್ರೈವಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಕ್ರಮ). ಹಳೇ ಸ್ಟೀರಿಯೋಗಳೂ ಸಾಮಾನ್ಯವಾಗಿ ಓದುವ ಫ್ಯಾಟ್32 ಕ್ರಮಕ್ಕೆ ಬದಲಿಸೋಣ ಅಂದರೆ ನನ್ನ ವಿಂಡೋಸ್ 10ರ ಫಾರ್ಮ್ಯಾಟ್ ಕಿಟಕಿಯಲ್ಲಿ 32 ಜಿಬಿಗಿಂತ ದೊಡ್ಡದಕ್ಕೆ ಆ ಆಯ್ಕೆಯೇ ಬರುವುದಿಲ್ಲ. ಬೇರೆ ದಾರಿ ಇದೆಯಾ? ಇಲ್ಲಾ ಫೈಲುಗಳನ್ನೇ ಎಂಪಿ3 ಮಾಡಬೇಕಾ? 320 ಕೆಬಿಪಿಎಸ್ (ಎಂಪಿ3ಯ ಅತಿ ಹೆಚ್ಚಿನ ಗುಣಮಟ್ಟ) ಇಟ್ಟರೆ ಚೆಂಡೆಯ ಪೆಟ್ಟು ಮಂಕಾಗುತ್ತದಾ?

ಅಂಗಡಿಯವರು ಹೊಸ ಸ್ಟೀರಿಯೋ ಹಾಕಿಸಿ ಅಂತಾರೆ. ಅದು ಅವರ ವ್ಯಾಪಾರ, ಅಲ್ವಾ! ಭಾನುವಾರ ಅಮ್ಮನನ್ನು ಮಧೂರಿಗೆ ಕರೆದುಕೊಂಡು ಹೋಗುವುದಿದೆ. ಅಷ್ಟರೊಳಗೆ ಆದರೆ ಉಪಕಾರ.