ಪಂಚಾಯಿತಿ ಜಾಗಕ್ಕೆ ಬಂದೂಕು ತರಬೇಡಿ ಎನ್ನುವ ಅಧಿಕಾರ ಪಂಚಾಯಿತಿಗೆ ಇದೆಯೇ?

ಸಂತೆಮೈದಾನ (ಪ್ರಶ್ನೆ):
ಗ್ರಾಮ ಪಂಚಾಯಿತಿಯ ಸಮುದಾಯ ಭವನ, ಉದ್ಯಾನ, ಸಂತೆ ಮೈದಾನ. ಈ ಮೂರು ಕಡೆಗೂ ಯಾರೂ ಬಂದೂಕು ತರಬಾರದೆಂದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಮೀರಿದವರಿಗೆ ದಂಡ ಹಾಕಬಹುದೇ? ಮದುವೆ ದಿಬ್ಬಣದಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದು ನಿಲ್ಲಬೇಕು, ಅದೇ ಮುಖ್ಯ. "ಲೈಸೆನ್ಸ್ ಕೊಟ್ಟಿದ್ದು ಡಿಸಿ, ಕೇಳೋಕೆ ನೀವ್ಯಾರು" ಎಂದರೆ ಏನು ಉತ್ತರ? ಬಾಗಿಲಲ್ಲಿ ಕೋವಿ ಇಡಿಸಿಕೊಂಡು ಟೋಕನ್ ಕೊಟ್ಟರೆ ಆಗುತ್ತದೆಯೇ?

ಕಲಂಪುಟ:
ಟೋಕನ್ ಬೇಡವೇ ಬೇಡ. ಕೋವಿಯನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವ ಕಾವಲುಗಾರನಿಗೇ ಲೈಸೆನ್ಸ್ ಬೇಕು. ಆಯುಧ ಕಾಯ್ದೆ 1959ರ 3ನೇ ಕಲಂ ಕೊಡುವ ರಿಯಾಯಿತಿ ಬಹಳ ಕಿರಿದು: ಮಾಲೀಕ ಜೊತೆಯಲ್ಲಿದ್ದಾಗ ಅಥವಾ ಲಿಖಿತ ಅನುಮತಿ ಕೊಟ್ಟಾಗ, ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಮಾಲೀಕನ ಬಳಕೆಗೋ ಒಯ್ಯಬಹುದು, ಅಷ್ಟೇ. ಊಟ ಮುಗಿಯುವವರೆಗೆ ಬೀರುವಿನಲ್ಲಿ ಇಡುವುದು ಅದರೊಳಗೆ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2ರಿಂದ 5 ವರ್ಷ ಜೈಲು. ದಿನಗೂಲಿ ಕಾವಲುಗಾರನನ್ನು ಆ ಅಪಾಯಕ್ಕೆ ತಳ್ಳಬೇಡಿ. ಲೈಸೆನ್ಸ್ ತೋರಿಸು ಎಂದು ಕೇಳುವ ಅಧಿಕಾರವೂ 19ನೇ ಕಲಮಿನಲ್ಲಿ ಪೊಲೀಸರಿಗೆ ಮತ್ತು ಕೇಂದ್ರ ಸರ್ಕಾರ ವಿಶೇಷವಾಗಿ ನೇಮಿಸಿದ ಅಧಿಕಾರಿಗಳಿಗೆ ಮಾತ್ರ. ಪಿಡಿಒಗೆ ಇಲ್ಲ.

ಇನ್ನು ದಂಡ. ಆಯುಧಗಳು ಸಂವಿಧಾನದ 7ನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿವೆ, 5ನೇ ನಮೂದು. ಪಂಚಾಯಿತಿಗಳಿಗೆ ಕೊಡಬಹುದಾದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅವುಗಳ ಸುಳಿವೇ ಇಲ್ಲ. ಹಾಗಾಗಿ "ನಮ್ಮ ವ್ಯಾಪ್ತಿಯಲ್ಲಿ ಬಂದೂಕು ನಿಷೇಧ, ದಂಡ ಇಷ್ಟು" ಎಂಬ ಠರಾವು ಮೊದಲ ಆಕ್ಷೇಪಣೆಗೇ ಬಿದ್ದುಹೋಗುತ್ತದೆ.

ಆದರೆ ಭವನದ ಒಡೆತನ ಪಂಚಾಯಿತಿಯದು. ಒಡೆಯನಾಗಿ ಬಾಡಿಗೆಗೆ ಷರತ್ತು ಹಾಕಬಹುದು. ಠರಾವಿನ ಭಾಷೆ ಅಲ್ಲೇ ನಿಲ್ಲಬೇಕು: "ನಿಷೇಧಿಸಲಾಗಿದೆ" ಎಂದು ಬರೆಯಬೇಡಿ, "ಈ ಷರತ್ತಿನ ಮೇಲೆ ಭವನ ಕೊಡಲಾಗುವುದು" ಎಂದು ಬರೆಯಿರಿ.

ತಾಲ್ಲೂಕುಕಚೇರಿ:
ಷರತ್ತು ಭವನಕ್ಕೆ ಸಾಕು. ಸಂತೆ ಮೈದಾನ ಎಲ್ಲರಿಗೂ ತೆರೆದ ಜಾಗ, ಅಲ್ಲಿ ಷರತ್ತಿಗೆ ಒಪ್ಪಿದ್ದೇನೆಂಬ ಮುಚ್ಚಳಿಕೆ ಬರೆಸಿಕೊಳ್ಳುವುದು ಯಾರಿಂದ? ಅದಕ್ಕೆ ಡಿಸಿ ಬಳಿ ಹೋಗಬೇಕು. ಕಮಿಷನರೇಟ್ ಇರುವ ನಗರವಾದರೆ ಪೊಲೀಸ್ ಕಮಿಷನರ್ ಬಳಿ. ದಾರಿ ಮೂರು.

ಒಂದು, ಕರ್ನಾಟಕ ಪೊಲೀಸ್ ಕಾಯ್ದೆ 1963ರ 35ನೇ ಕಲಂ. ಜಾತ್ರೆ, ಮೆರವಣಿಗೆಯ ದಿನಗಳಿಗೆ ಬಂದೂಕು, ಕತ್ತಿ, ದೊಣ್ಣೆ ಒಯ್ಯದಂತೆ ಅಧಿಸೂಚನೆ ಹೊರಡಿಸಲು ಇದೇ ಸಲೀಸು. ಎರಡು, ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163ನೇ ಕಲಂ, ಅಂದರೆ ಹಳೆಯ ಸಿಆರ್‌ಪಿಸಿಯ 144ರ ನಿಷೇಧಾಜ್ಞೆ. ಇದರ ಆಯಸ್ಸು 2 ತಿಂಗಳು; ರಾಜ್ಯ ಸರ್ಕಾರ ಬಯಸಿದರೆ ಇನ್ನು 6 ತಿಂಗಳವರೆಗೆ ಮುಂದುವರಿಸಬಹುದು. ಇದನ್ನೇ ಮತ್ತೆ ಮತ್ತೆ ಹೊರಡಿಸಿ ಕಾಯಂ ಮಾಡಿಕೊಳ್ಳುವಂತಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಮೂರು, ನಿರ್ದಿಷ್ಟ ವ್ಯಕ್ತಿಯಿಂದಲೇ ತೊಂದರೆಯಾದರೆ ಆಯುಧ ಕಾಯ್ದೆಯ 17(3) ಪ್ರಕಾರ ಅವನ ಲೈಸೆನ್ಸ್ ಅಮಾನತು. ಊರಿಗೆಲ್ಲ ಆಜ್ಞೆ ಹೊರಡಿಸುವುದಕ್ಕಿಂತ ಇದು ಚುರುಕು ಎಂಬುದು ನನ್ನ ಅಭಿಪ್ರಾಯ.

ಅರ್ಜಿಗಳು ಬಿದ್ದುಹೋಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: "ಶಾಂತಿಭಂಗ ಸಂಭವ" ಎಂದಷ್ಟೇ ಬರೆದಿರುತ್ತಾರೆ. ದಿನಾಂಕ, ಜಾಗ, ಠಾಣೆಯ ದೂರಿನ ಸಂಖ್ಯೆ, ವಿಡಿಯೊ ಇದ್ದರೆ ಅದರ ಪ್ರತಿ, ಜೊತೆಗೆ ಸಭೆಯ ನಡಾವಳಿಯ ದೃಢೀಕೃತ ನಕಲು ಇಡಿ. ಆಜ್ಞೆಯಲ್ಲಿ ಕಾರಣ ಬರೆಯಲೇಬೇಕಾದ್ದರಿಂದ, ಆ ಕಾರಣ ನಿಮ್ಮ ಅರ್ಜಿಯಲ್ಲೇ ಸಿಗಬೇಕು.

ಕಾಫಿಗಿಡ:
ಕೊಡಗಿನವರು ಓದುತ್ತಿದ್ದರೆ ಒಂದು ಮಾತು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಗೆ ಲೈಸೆನ್ಸ್ ಪಡೆಯುವುದರಿಂದ ಮಾತ್ರ. ಕೇಂದ್ರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಬಾಡಿಗೆ ಭವನದ ಷರತ್ತು ಅವರಿಗೂ ಅನ್ವಯಿಸುತ್ತದೆ. ಆದರೆ ಕೈಲ್ ಪೊಳ್ದ್‌ನಂಥ ಹಬ್ಬದಲ್ಲಿ ಕೋವಿಗೆ ಪೂಜೆ ಇದೆ, ಸಾವಿನ ಮನೆಯಲ್ಲೂ ಕೋವಿಗೆ ಸ್ಥಾನವಿದೆ. ಊರವರನ್ನು ಕೂರಿಸಿ ಮಾತಾಡದೆ ಷರತ್ತು ಬರೆದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಗೆ: ಗುಂಡು ಹಾರಿಸುವುದಕ್ಕೆ ನಿಮ್ಮ ಠರಾವೇ ಬೇಕಿಲ್ಲ. ಆಯುಧ ನಿಯಮಗಳು 2016ರ 32ನೇ ನಿಯಮದಂತೆ ಸಾರ್ವಜನಿಕ ಜಾಗದಲ್ಲಿ ಬಂದೂಕು ಪೂರ್ತಿ ಮುಚ್ಚಿರಬೇಕು. ಝಳಪಿಸುವುದು, ಹಾರಿಸುವುದು ಎರಡೂ ನಿಷಿದ್ಧ. ಕಾಯ್ದೆಯ 25(9)ರಲ್ಲಿ ಸಂಭ್ರಮದ ಗುಂಡಿಗೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಇನ್ನೊಬ್ಬರ ಜೀವಕ್ಕೋ ಸುರಕ್ಷತೆಗೋ ಅಪಾಯವಾಯಿತೆಂದು ತೋರಿಸಬೇಕು. ಜನ ಎಷ್ಟು ದೂರದಲ್ಲಿದ್ದರು, ಮೇಲೆ ಶಾಮಿಯಾನ ಅಥವಾ ಕರೆಂಟ್ ತಂತಿ ಇತ್ತೇ ಎಂಬುದು ದೂರಿನಲ್ಲಿ ಇರಲಿ. ಖಾಲಿ ತೋಟಾ ಬಿದ್ದಿದ್ದರೆ ಮುಟ್ಟದೆ ಪೊಲೀಸರಿಗೆ ತೋರಿಸಿ.

ಸಂತೆಮೈದಾನ:
ಹಾಗಾದರೆ ಮುಚ್ಚಳಿಕೆಯಲ್ಲಿ ಏನೇನು ಇರಬೇಕು? ಠೇವಣಿ ಮುಟ್ಟುಗೋಲು ಹಾಕಿಕೊಳ್ಳಬಹುದೇ?

ಕಲಂಪುಟ:
ಬಾಡಿಗೆ ಪಡೆಯುವವರ ಸಹಿ, ಅತಿಥಿಗಳ ನಡತೆಗೂ ಅವರೇ ಹೊಣೆ ಎಂಬ ಸಾಲು, ಉಲ್ಲಂಘನೆಯಾದರೆ ಕಾರ್ಯಕ್ರಮ ಅಲ್ಲಿಗೇ ನಿಲ್ಲಿಸುವ ಹಕ್ಕು. "ಬಂದೂಕು" ಎಂದಷ್ಟೇ ಬರೆದರೆ ಏರ್ ಗನ್ ತಂದವನು ವಾದಕ್ಕೆ ನಿಲ್ಲುತ್ತಾನೆ, ಅದನ್ನೂ ಹೆಸರಿಸಿ. ಕರ್ತವ್ಯದಲ್ಲಿರುವ ಪೊಲೀಸರನ್ನು ಹೊರಗಿಡಿ. ಠೇವಣಿಯ ಮೊತ್ತ ಮೊದಲೇ ನಮೂದಿಸಿ. ಕರಾರು ಕಾಯ್ದೆಯ 74ನೇ ಕಲಮಿನಂತೆ ಅದು ಗರಿಷ್ಠ ಮಿತಿ, ನ್ಯಾಯಾಲಯ ಕೊಡಿಸುವುದು ಸಮಂಜಸವಾದಷ್ಟನ್ನೇ. ಹೊರಗೆ ಹೋಗಿ ಎಂದರೂ ಬಂದೂಕು ಹಿಡಿದವನು ಹೋಗದಿದ್ದರೆ ಕೈ ಹಾಕಬೇಡಿ, 112ಕ್ಕೆ ಕರೆ ಮಾಡಿ. ಅಲ್ಲಿಂದ ಮುಂದೆ ಅದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 329ರ ಅತಿಕ್ರಮ ಪ್ರವೇಶದ ಪ್ರಶ್ನೆ, ಪೊಲೀಸರು ನೋಡಿಕೊಳ್ಳುತ್ತಾರೆ.