ಮಗಳು ‘ನಿಜವಾಗಿಯೂ ಎದ್ದಿದ್ದಾನೆ’ ಎನ್ನಲೊಲ್ಲಳು, ಏನು ಮಾಡಲಿ?

ಎಸ್ಲಿಂಗೆನ್ ಅಮ್ಮ:
ಎಲ್ಲರಿಗೂ ವಂದನೆಗಳು. ನಾವು ಉಡುಪಿ ಕಡೆಯ ಬಾಸೆಲ್ ಮಿಷನ್ (ಪ್ರೊಟೆಸ್ಟಂಟ್ ಕ್ರೈಸ್ತ) ಮನೆತನದವರು. ಜರ್ಮನಿಗೆ ಬಂದು 9 ವರ್ಷಗಳಾದವು. ಈಸ್ಟರ್ ಕಳೆದ ಮೇಲೆ ಮೇ ತಿಂಗಳಿನಲ್ಲಿ ಇಲ್ಲಿನ ಸಭೆಯಲ್ಲಿ ಮಗಳ ದೃಢೀಕರಣ (ಬೆಳೆದ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಸಭೆಯೆದುರು ಒಪ್ಪಿಕೊಳ್ಳುವ ವಿಧಿ) ನಡೆಯಬೇಕಾಗಿದೆ, ಅಷ್ಟರಲ್ಲಿ ಅವಳಿಗೆ 14 ತುಂಬುತ್ತದೆ. ಫೆಬ್ರವರಿಯಲ್ಲಿ ನನ್ನ ತಾಯಿ ತೀರಿಕೊಂಡರು. ವೀಸಾ ನವೀಕರಣದ ಕಾಗದಗಳೆಲ್ಲ ಕಚೇರಿಯಲ್ಲಿದ್ದುದರಿಂದ ನಾವು ಮಣ್ಣಿಗೆ ಹೋಗಲಾಗಲಿಲ್ಲ, ಎಲ್ಲವನ್ನೂ ಫೋನಿನಲ್ಲಿಯೇ ನೋಡಿದೆವು. ಈಗ ಮಗಳು, ಈಸ್ಟರ್ ಆರಾಧನೆಯಲ್ಲಿ ‘ಕ್ರಿಸ್ತನು ಎದ್ದಿದ್ದಾನೆ’ ಎಂದಾಗ, ಅಂದರೆ ಸತ್ತವನು ಮತ್ತೆ ಜೀವಂತನಾದನೆಂದು ಸಾರಿದಾಗ, ಉಳಿದವರಂತೆ ‘ನಿಜವಾಗಿಯೂ ಎದ್ದಿದ್ದಾನೆ’ ಎಂದು ತಾನು ಹೇಳುವುದಿಲ್ಲ ಎನ್ನುತ್ತಾಳೆ. ಕಾರಣ ಕೇಳಿದರೆ, ಅಜ್ಜಿ ಮತ್ತೆ ಸಿಗುತ್ತಾರೆಂದು ತನಗೆ ಅನ್ನಿಸುವುದಿಲ್ಲ, ಅನ್ನಿಸದಿದ್ದುದನ್ನು ಹೇಳಿದರೆ ಅದು ಸುಳ್ಳಾಗುತ್ತದೆ ಎಂಬ ಉತ್ತರ. ಒತ್ತಾಯ ಮಾಡಬೇಕೇ, ದೃಢೀಕರಣವನ್ನು ಮುಂದಕ್ಕೆ ಹಾಕಬಹುದೇ, ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಹೈಲ್‌ಬ್ರಾನ್ ನರ್ಸ್:
ಅಕ್ಕ, ಅಮ್ಮನವರ ವಿಷಯ ತಿಳಿದು ಬಹಳ ನೋವಾಯಿತು. ದೃಢೀಕರಣವನ್ನು ಧಾರಾಳವಾಗಿ ಮುಂದಕ್ಕೆ ಹಾಕಬಹುದು. ನನ್ನ ಮಗ 16ನೇ ವಯಸ್ಸಿನಲ್ಲಿ ತೆಗೆದುಕೊಂಡ. ಸಭಾಪಾಲಕರ ಬಳಿ ಮಗಳನ್ನು ಒಬ್ಬಳನ್ನೇ ಮಾತನಾಡಲು ಬಿಡಿ, ನೀವು ಪಕ್ಕದಲ್ಲಿ ಕೂರಬೇಡಿ. ಇನ್ನೊಂದು ವಿಷಯ: ಇಲ್ಲಿ 1921ರ ಕಾನೂನಿನ ಪ್ರಕಾರ 14 ತುಂಬಿದ ಮೇಲೆ ಧರ್ಮದ ನಿರ್ಧಾರ ಮಕ್ಕಳದೇ. ಅದು ಅವಳಿಗೂ ಗೊತ್ತಿರುತ್ತದೆ.

ಬಲ್ಮಠದ ಹಿರಿಯ:
ಪ್ರಿಯ ತಂಗಿ, ಮೂಲವನ್ನು ಬಿಟ್ಟು ಕೊಂಬೆಯನ್ನು ಹಿಡಿದಿದ್ದೀರಿ. ನಿಮ್ಮ ಮಗಳು ಕನ್ನಡ ಸತ್ಯವೇದವನ್ನು (ಬೈಬಲನ್ನು) ಓದುತ್ತಾಳೆಯೇ? ಜರ್ಮನ್ ಭಾಷೆಯಲ್ಲಿ ಕಲಿತ ನಂಬಿಕೆ ಬಾಡಿಗೆ ಮನೆಯಂತೆ, ಯಾವಾಗ ಬೇಕಾದರೂ ಖಾಲಿ ಮಾಡಬಹುದು. ನಾನು 38 ವರ್ಷಗಳಿಂದ ಈ ದೇಶದಲ್ಲಿದ್ದೇನೆ ಮತ್ತು ಒಂದು ದಿನವೂ ಕನ್ನಡ ಪ್ರಾರ್ಥನೆಯಿಲ್ಲದೆ ಊಟಕ್ಕೆ ಕುಳಿತಿಲ್ಲ. ನೀವಿರುವ ಎಸ್ಲಿಂಗೆನ್ ಊರಿನಲ್ಲಿಯೇ 1881ರಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ತೀರಿಕೊಂಡರು. 1843ರಲ್ಲಿ ನಮಗೆ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ ಕೊಟ್ಟವರು ಅವರೇ. ಕಿಟ್ಟೆಲ್ 1853ರಲ್ಲಿ ಬಂದು ಕನ್ನಡ ಕಲಿತು, 1894ರಲ್ಲಿ ನಿಘಂಟನ್ನೇ ಮುದ್ರಿಸಿದರು. ಈ ನೆಲದಿಂದ ಬಂದವರು ನಮ್ಮ ಭಾಷೆಯಲ್ಲಿ ಪ್ರಾರ್ಥಿಸಿದರು, ನಾವು ಇಲ್ಲಿಗೆ ಬಂದು ಅದನ್ನು ಮರೆಯುತ್ತಿದ್ದೇವೆ. ಮೊದಲು ಕನ್ನಡ ಕಲಿಸಿ, ಉಳಿದುದು ತಾನಾಗಿ ಬರುತ್ತದೆ.

ಬೆಟಗೇರಿಯವ:
ಹಿರಿಯರೆ, ನಿಮ್ಮ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ತಾನಾಗಿ ಏನೂ ಬರುವುದಿಲ್ಲ. ನನ್ನ ಮಗ ಬೈಬಲಿನ 103ನೇ ಕೀರ್ತನೆಯನ್ನು ಕನ್ನಡದಲ್ಲಿ ಒಂದು ಅಕ್ಷರ ತಪ್ಪದೆ ಹೇಳುತ್ತಿದ್ದ. ಬಂದವರೆದುರಿಗೆಲ್ಲ ನಾನು ಹೇಳಿಸುತ್ತಿದ್ದೆ. ಒಂದು ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನಕ್ಕೆ ಬರುವುದಿಲ್ಲವೆಂದು ಅವನು ಹಟ ಹಿಡಿದಾಗ ಕೈ ಹಿಡಿದು ಎಳೆದುಕೊಂಡು ಹೋಗಿ ಮೂರು ಗಂಟೆ ಕೂರಿಸಿದೆ. ಈಗ ಅವನಿಗೆ 27 ವರ್ಷ. ಈಸ್ಟರ್ ದಿನ ಫೋನ್ ಮಾಡುತ್ತಾನೆ, ಹವಾಮಾನ ಕೇಳುತ್ತಾನೆ, ಅವನೂ ನಾನೂ ಹಬ್ಬದ ಹೆಸರು ಎತ್ತುವುದಿಲ್ಲ.

ಬಲ್ಮಠದ ಹಿರಿಯ:
ನೀವು ಎಳೆದುಕೊಂಡು ಹೋದದ್ದು ತಪ್ಪು, ಕನ್ನಡ ಕಲಿಸಿದ್ದು ತಪ್ಪಲ್ಲ. ಎರಡನ್ನೂ ಬೆರೆಸಬೇಡಿ.

ಮೈಸೂರಿನ ಟೀಚರ್:
ನಾವು ಕಥೋಲಿಕರು, ಆದರೂ ಒಂದು ಮಾತು. ನಮ್ಮಲ್ಲಿ ಈಸ್ಟರ್ ಹಿಂದಿನ ಪಾಸ್ಖ ಜಾಗರಣೆಯ ರಾತ್ರಿ ಇಡೀ ದೇವಾಲಯವನ್ನು ಕತ್ತಲಾಗಿಸಿ ಒಂದೇ ಮೋಂಬತ್ತಿಯಿಂದ ಎಲ್ಲರೂ ದೀಪ ಹಚ್ಚಿಕೊಳ್ಳುತ್ತೇವೆ. ನನ್ನ ಹೆಣ್ಣುಮಕ್ಕಳಿಗೆ ಬೋಧನೆ ನೆನಪಿಲ್ಲ, ಆ ಕತ್ತಲೆ ನೆನಪಿದೆ. ನನ್ನ ದೊಡ್ಡ ಮಗಳಂತೂ ಈಗ ಗಾಯನವೃಂದದಲ್ಲಿ ಮುಂದಾಳು, ದೇವರ ದಯೆ.

ಎಸ್ಲಿಂಗೆನ್ ಅಮ್ಮ:
ಎಲ್ಲರಿಗೂ ಧನ್ಯವಾದಗಳು. ಹಿರಿಯರಲ್ಲಿ ಒಂದು ವಿನಂತಿ: ಭಾಷೆ ಇಲ್ಲಿ ಅಡ್ಡಿಯಲ್ಲ. ಅವಳು ಈ ಪ್ರಶ್ನೆ ಕೇಳಿದ್ದೇ ಕನ್ನಡದಲ್ಲಿ. ಅಜ್ಜಿಯೊಂದಿಗೆ ಪ್ರತಿ ಭಾನುವಾರ ಕನ್ನಡದಲ್ಲಿ ಮಾತನಾಡಿದವಳು, ಅದಕ್ಕೇ ಇಷ್ಟು ನೋವು.

ಟ್ಯೂಬಿಂಗೆನ್ ವಿದ್ಯಾರ್ಥಿನಿ:
ಅಕ್ಕ, ನಾನು ದೇವಶಾಸ್ತ್ರದ ವಿದ್ಯಾರ್ಥಿನಿ, ಮಕ್ಕಳನ್ನು ಬೆಳೆಸಿದ ಅನುಭವವಿಲ್ಲ; ತಪ್ಪಿದ್ದರೆ ತಿದ್ದಿ. ನಿಮ್ಮ ಮಗಳ ಮಾತು ಅಪೊಸ್ತಲ ಪೌಲನ ಮಾತಿಗೆ ಬಹಳ ಹತ್ತಿರದಲ್ಲಿದೆ. ಕ್ರಿಸ್ತನು ಏಳದಿದ್ದರೆ ನಮ್ಮ ನಂಬಿಕೆ ವ್ಯರ್ಥ, ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾಗುತ್ತೇವೆ ಎಂದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೇ ಅಧ್ಯಾಯದಲ್ಲಿ ಅವನೇ ಹೇಳುತ್ತಾನೆ. ಬಾಯಿಮಾತಿಗೆ ಹೇಳಿಬಿಡು ಎನ್ನುವ ನಮಗಿಂತ, ಸುಳ್ಳಾಗುತ್ತದೆ ಎಂದು ಹೆದರುವ ಹುಡುಗಿ ಈ ಮಾತಿನ ತೂಕವನ್ನು ಚೆನ್ನಾಗಿ ಬಲ್ಲಳು.

ಯೇಸುವಿನ ಶಿಷ್ಯ ತೋಮನ ಕಥೆಯಲ್ಲಿ ನಾವು ಓದದೆ ದಾಟಿಹೋಗುವ ಒಂದು ವಿವರವಿದೆ. ಎದ್ದ ಯೇಸುವನ್ನು ತಾನು ನೋಡದೆ ನಂಬುವುದಿಲ್ಲ ಎಂದು ಅವನು ಹೇಳಿದ ಮೇಲೆ ಎಂಟು ದಿನಗಳು ಕಳೆದವು, ಆಗಲೂ ಅವನು ಆ ಮನೆಯಲ್ಲಿ, ಉಳಿದ ಶಿಷ್ಯರ ಜೊತೆಯಲ್ಲಿಯೇ ಇದ್ದ. ಒಪ್ಪಿದ ಮೇಲೆ ಒಳಗೆ ಬಾ ಎಂದು ಯಾರೂ ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಮಾರ್ಕನ ಸುವಾರ್ತೆಯ ಅತಿ ಹಳೆಯ ಹಸ್ತಪ್ರತಿಗಳಂತೂ, ಸಮಾಧಿಗೆ ಹೋದ ಹೆಂಗಸರು ನಡುಗುತ್ತ ಓಡಿಹೋಗಿ, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ ಎಂಬಲ್ಲಿಗೇ ಮುಗಿಯುತ್ತವೆ. ಮೊದಲ ಈಸ್ಟರ್ ಬೆಳಿಗ್ಗೆ ಬಾಯಿ ಕಟ್ಟಿದವರು ಅವರೇ.

ಇನ್ನೊಂದು, ಪದದ ಮಾತು. ಮುಂದೆ ಬರುವುದರ ಭರವಸೆಗೆ ನಮ್ಮ ಸತ್ಯವೇದ ‘ನಿರೀಕ್ಷೆ’ ಎನ್ನುತ್ತದೆ. ಬಸ್ಸಿಗೂ ಪರೀಕ್ಷೆಯ ಫಲಿತಾಂಶಕ್ಕೂ ನಾವು ಬಳಸುವ ಪದವಾದ್ದರಿಂದ ಮೊದಲು ನನಗೆ ಅದು ಸಪ್ಪೆ ಎನಿಸುತ್ತಿತ್ತು. ಆದರೆ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಕಣ್ಣಿಗೆ ಕಂಡದ್ದನ್ನು ಯಾರೂ ನಿರೀಕ್ಷಿಸುವುದಿಲ್ಲ, ಕಾಣದ್ದನ್ನು ತಾಳ್ಮೆಯಿಂದ ಕಾಯುತ್ತೇವೆ ಎಂದು ಓದುವಾಗ, ಈ ಸಪ್ಪೆ ಪದವೇ ಸರಿ ಎನಿಸುತ್ತದೆ. ಅಜ್ಜಿ ಸಿಗುತ್ತಾರೆಂದು ‘ಅನ್ನಿಸುವುದು’ ಬೇರೆ, ಅನ್ನಿಸದಿದ್ದರೂ ಬಾಗಿಲ ಬಳಿ ಕಾಯುವುದು ಬೇರೆ. ನಿಮ್ಮ ಮಗಳಿಗೆ ಸದ್ಯಕ್ಕೆ ಎರಡನೆಯದು ಸಾಧ್ಯವಿರಬಹುದು. ಅವಳ ಪರವಾಗಿ ಆ ಉತ್ತರವನ್ನು ಈ ವರ್ಷ ನೀವು ಹೇಳಿ, ಅವಳು ನಿಮ್ಮ ಪಕ್ಕದಲ್ಲಿ ಸುಮ್ಮನೆ ನಿಲ್ಲಲಿ.

ಬಲ್ಮಠದ ಹಿರಿಯ:
ನೋಡಿದಿರಾ, ಕೊನೆಗೆ ಕನ್ನಡ ಪದವೇ ಬೇಕಾಯಿತು. ನಾನು ಹೇಳಿದ್ದೂ ಇದನ್ನೇ. ಕನ್ನಡ ತರಗತಿ ಆರಂಭಿಸುವುದಾದರೆ ಶನಿವಾರಗಳಂದು ನಾನು ಸಿದ್ಧ, ಆಸಕ್ತರು ಹೆಸರು ಕೊಡಿ.

ಹೈಲ್‌ಬ್ರಾನ್ ನರ್ಸ್:
ನನ್ನ ಕಿರಿಯವನ ಹೆಸರು ಬರೆದುಕೊಳ್ಳಿ.

ಮೈಸೂರಿನ ಟೀಚರ್:
ಕಥೋಲಿಕ ಮಕ್ಕಳಿಗೂ ಅವಕಾಶವಿದೆಯೇ?

ಬೆಟಗೇರಿಯವ:
ತರಗತಿಯ ಮಾತನ್ನು ಬೇರೆಯಾಗಿ ಆಡೋಣ. ತಂಗಿ, ನಿಮ್ಮ ಹತ್ತಿರದ ಸಭೆಯವರು ಈಸ್ಟರ್ ಮುಂಜಾನೆ ಸ್ಮಶಾನದಲ್ಲಿ ಆರಾಧನೆ ನಡೆಸುತ್ತಾರೆಯೇ, ವಿಚಾರಿಸಿ. ನಿಮ್ಮ ಎಸ್ಲಿಂಗೆನ್ ಇರುವ ವ್ಯುರ್ಟೆಂಬರ್ಗ್ ಪ್ರಾಂತದ ಅನೇಕ ಊರುಗಳಲ್ಲಿ ಇದೆ. ತುತ್ತೂರಿ ಊದುವವರು ಬರುತ್ತಾರೆ, ಬೋಧನೆ ಚಿಕ್ಕದು. ನಮ್ಮ ಊರಿನಲ್ಲಿಯೂ ಕತ್ತಲಿರುವಾಗಲೇ ಸಮಾಧಿಗಳ ಬಳಿ ಮೋಂಬತ್ತಿ ಹಚ್ಚುತ್ತಿದ್ದೆವು. ಮಗನನ್ನು ಅಲ್ಲಿಗೊಮ್ಮೆ ಕರೆದುಕೊಂಡು ಹೋಗಬೇಕಾಗಿತ್ತು.

ಟ್ಯೂಬಿಂಗೆನ್ ವಿದ್ಯಾರ್ಥಿನಿ:
ಹೌದು ಅಣ್ಣ. ಈ ಪದ್ಧತಿಯ ಹಿಂದೆ 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್ ಊರಿನ, ಮೊರೇವಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದ ಯುವಕರು ಊರಿನ ಗುಡ್ಡದ ಸ್ಮಶಾನದಲ್ಲಿ ಮಾಡಿದ ಆರಾಧನೆ ಇದೆ.

ಎಸ್ಲಿಂಗೆನ್ ಅಮ್ಮ:
ವಿಚಾರಿಸಿದೆ, ಇದೆಯಂತೆ, ಬೆಳಿಗ್ಗೆ 6 ಗಂಟೆಗೆ. ದೃಢೀಕರಣದ ಬಗ್ಗೆ ಮಗಳೇ ಸಭಾಪಾಲಕಿಯನ್ನು ಭೇಟಿಯಾಗಿ ಬಂದಳು, ಇನ್ನೂ ತೀರ್ಮಾನಿಸಿಲ್ಲ ಎಂದಳು. ಉತ್ತರ ಹೇಳಬೇಕೆಂದು ನಾನು ಮೊಣಕೈ ತಿವಿಯುವುದಿಲ್ಲವಾದರೆ ಸ್ಮಶಾನಕ್ಕೆ ಬರುತ್ತಾಳಂತೆ. ಅಜ್ಜಿಯ ಹೆಸರಿನಲ್ಲಿ ಹೂ ತರಬೇಕೆಂದು ಅವಳದೇ ಹಟ. ಇಲ್ಲಿ ನಮ್ಮವರ ಸಮಾಧಿ ಒಂದೂ ಇಲ್ಲವಲ್ಲ, ಆ ಹೂವನ್ನು ಎಲ್ಲಿ ಇಡಬಹುದು?

ಹೈಲ್‌ಬ್ರಾನ್ ನರ್ಸ್:
ಯಾರೂ ಬಾರದ ಹಳೆಯ ಸಮಾಧಿಗಳು ಗೋಡೆಯ ಬದಿಗೆ ಇರುತ್ತವೆ ಅಕ್ಕ, ಅಲ್ಲಿ ಇಡಲಿ. ಆ ಹೊತ್ತಿಗೆ ಚಳಿ ವಿಪರೀತ, ಅವಳಿಗೆ ಕೈಗವಸು ಹಾಕಿಸಿ.