ಬರೆ ಮೇಲೆ ವಾಲಿದ ಸಿಲ್ವರ್ ಓಕ್, ಅಂಗಳದಲ್ಲಿ ಪೊಟರೆ ಬಿದ್ದ ಹಲಸು: ಮಳೆಗೆ ಮುಂಚೆ ಯಾವುದನ್ನು ಕಡಿಸಲಿ?

ಬರೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಡಗಿನ ಮಾದಾಪುರದ ಕಡೆ, ಇಳಿಜಾರು ಜಾಗ. ಅಂಗಳದ ಮೂಲೆಯಲ್ಲಿ ಹಳೇ ಹಲಸು ಇದೆ, ಸುತ್ತಳತೆ 9 ಅಡಿ. ಎದೆಮಟ್ಟದಲ್ಲಿ ಪೊಟರೆ, ಕೈ ಹಾಕಿದರೆ ಮೊಣಕೈವರೆಗೂ ಹೋಗುತ್ತದೆ. ಮನೆಯವರಿಗೆಲ್ಲ ಅದರದ್ದೇ ಭಯ. ಮನೆ ಹಿಂದೆ ಬರೆ (ಗುಡ್ಡ ಕಡಿದಾಗ ಉಳಿಯುವ ಕಡಿದಾದ ಮಣ್ಣಿನ ಗೋಡೆ) ಮೇಲೆ ಒಂದು ಸಿಲ್ವರ್ ಓಕ್ ಮರ, ಸುತ್ತಳತೆ 6 ಅಡಿ, ಮೆಣಸಿನ ಬಳ್ಳಿ ಹಬ್ಬಿದೆ. ಮನೆ ಕಡೆಗೆ ಸ್ವಲ್ಪ ವಾಲಿದೆ, ಎಲೆ ಮಾತ್ರ ಹಸಿರಾಗಿ ಚೆನ್ನಾಗಿದೆ. ಮರ ಹತ್ತಿ ಕೊಂಬೆ ಕಡಿಯುವ ಮರಗಸಿಯವರು ಮುಂದಿನ ವಾರ ಬರುತ್ತಾರೆ. ಹಲಸು ಕಡಿಸಿ, ಸಿಲ್ವರ್‌ನ ತುದಿ ಹಾರಿಸಿದರೆ ಸಾಕಲ್ವಾ?

ಆನೆದಾರಿ:
ಹಲಸು ತೆಗೆಸಿಬಿಡಿ. ಹಣ್ಣಿನ ವಾಸನೆಗೆ ಆನೆ ಬರೋದಾದ್ರೂ ತಪ್ಪುತ್ತೆ.

ಕೊಡಲಿಕಾವು:
ಆನೆಗೋಸ್ಕರ ಆದರೆ ಕಾಯಿ ಎಳೆಯದಾಗಿರುವಾಗಲೇ ಇಳಿಸಿದರಾಯ್ತು, ಮರ ಏನು ಮಾಡಿತು? ಬರೆಮನೆಯವರೇ, ನನಗೆ ಪೊಟರೆಗಿಂತ ಸಿಲ್ವರ್ ಮೇಲೆ ಅನುಮಾನ. ಬರೆ ಕಡಿಸಿದ್ದು ಯಾವಾಗ? ಮರದ ಬುಡದಿಂದ ಎಷ್ಟು ದೂರಕ್ಕೆ? ಬುಡದ ಹತ್ತಿರ ಬಳ್ಳಿ, ತರಗೆಲೆ ಸರಿಸಿ ಮಣ್ಣು ನೋಡಿ. ಕಾಂಡ ಬುಡದಿಂದ ತುದಿವರೆಗೆ ನೇರವಾಗಿ ವಾಲಿದೆಯಾ, ಇಲ್ಲ ಮೇಲೆ ಹೋಗ್ತಾ ಬಾಗಿ ನೆಟ್ಟಗಾಗಿದೆಯಾ? ಗಾರೆಯವರ ತೂಗುಗುಂಡು ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಬರೆಮನೆ:
ಹೋದ ಬೇಸಿಗೆಯಲ್ಲಿ ನೀರಿನ ಟ್ಯಾಂಕ್ ಇಡೋಕೆ ಜೆಸಿಬಿ ತರಿಸಿದ್ದೆವು. ಕಡಿದ ಅಂಚಿಗೂ ಬುಡಕ್ಕೂ 4 ಅಡಿ ಇದೆ. ಬರೆಯಿಂದ ಕೈ ಮಣಿಕಟ್ಟಿನಷ್ಟು ದಪ್ಪದ ಬೇರುಗಳು ಹೊರಗೆ ಚಾಚಿವೆ, ತುದಿ ಕಪ್ಪಾಗಿ ನೆಂದಂತಿದೆ. ಕಾಂಡ ನೇರವಾಗಿಯೇ ವಾಲಿದೆ. ಬುಡದ ಮೇಲ್ಗಡೆ, ಅಂದರೆ ಗುಡ್ಡದ ಕಡೆ, ಮಣ್ಣು ಅರ್ಧ ಚಂದ್ರಾಕಾರದಲ್ಲಿ ಬಿರುಕು ಬಿಟ್ಟಿದೆ. ಬೆರಳು ಹೋಗುತ್ತದೆ. ತರಗೆಲೆ ಮುಚ್ಚಿದ್ದಕ್ಕೆ ಇಷ್ಟು ದಿನ ಕಂಡಿರಲಿಲ್ಲ.

ಕೊಡಲಿಕಾವು:
ಹಾಗಾದರೆ ತೆಗೆಸಬೇಕಾದ್ದು ಸಿಲ್ವರ್, ಹಲಸಲ್ಲ.

6 ಅಡಿ ಸುತ್ತಳತೆ ಅಂದರೆ ಅಡ್ಡಳತೆ ಹೆಚ್ಚುಕಮ್ಮಿ 2 ಅಡಿ. ಮರವನ್ನು ನಿಲ್ಲಿಸುವ ದಪ್ಪ ಬೇರುಗಳು ಅಡ್ಡಳತೆಯ ಮೂರು ಪಟ್ಟು ದೂರದೊಳಗೇ ಜಾಸ್ತಿ, ನಿಮಗೆ ಅದು 6 ಅಡಿ. ಜೆಸಿಬಿ 4 ಅಡಿಗೆ ಬಂದಿದೆ, ಅದೂ ಮರ ವಾಲಿರುವ ಕಡೆಯಲ್ಲೇ. ಚಿಕ್ಕಂದಿನಿಂದ ವಾಲಿ ಬೆಳೆದ ಮರ ಬೆಳಕಿಗೆ ತಿರುಗಿ ಮೇಲೆ ನೆಟ್ಟಗಾಗಿರುತ್ತದೆ. ಅಂಥದ್ದು ಎಷ್ಟೋ ವರ್ಷ ಹಾಗೇ ನಿಲ್ಲುತ್ತದೆ. ನಿಮ್ಮದು ಇಡೀ ಕಂಬ ಒಟ್ಟಿಗೆ ಓರೆಯಾಗಿದೆ, ಹಿಂದೆ ಮಣ್ಣು ಎದ್ದಿದೆ. ಇದು ಈಚೆಗೆ ಆದದ್ದು. ಬುಡವೇ ಏಳುತ್ತಿದೆ.

ಎಲೆ ಹಸಿರಾಗಿದೆ ಅಂತ ಧೈರ್ಯ ಬೇಡ. ಒಂದು ಕಡೆ ಬೇರು ಹೋದರೂ ಉಳಿದದ್ದು ನೀರು ಕೊಡುತ್ತಲೇ ಇರುತ್ತದೆ. ಹಸಿರು ಮರಕ್ಕೇ ಗಾಳಿ ಹೆಚ್ಚು ಹಿಡಿಯುತ್ತದೆ, ಒದ್ದೆಯಾದರೆ ತೂಕವೂ ಹೆಚ್ಚು. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಮಣ್ಣು ಕೆಸರಾದಾಗ ಇವೆರಡೂ ಸೇರುತ್ತವೆ. ತುದಿ ಹಾರಿಸಿದರೆ ಗಾಳಿ ಸ್ವಲ್ಪ ಕಮ್ಮಿ ಆದೀತು, ಬೇರು ವಾಪಸ್ ಬರಲ್ಲ.

ಇನ್ನೊಂದು ಮುಖ್ಯ. ಆ ಬಿರುಕು ಮರದ ಸುತ್ತ ಮಾತ್ರ ಇದೆಯಾ, ಅಥವಾ ಬರೆಯುದ್ದಕ್ಕೂ ಹೋಗಿದೆಯಾ? ಮರದಾಚೆಗೂ ಹೋಗಿದ್ದರೆ ಅದು ಮರದ ಸಮಸ್ಯೆಯೇ ಅಲ್ಲ, ಗುಡ್ಡ ಜಾರುತ್ತಿದೆ ಅಂತ. 2018ರ ಆಗಸ್ಟ್‌ನ ಗುಡ್ಡ ಕುಸಿತ ಕಂಡ ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಹಾಗಿದ್ದರೆ ಪಂಚಾಯ್ತಿಗೆ, ತಹಶೀಲ್ದಾರ್ ಕಚೇರಿಗೆ ಇವತ್ತೇ ತಿಳಿಸಿ, ಮಳೆ ಶುರುವಾಗುವ ಮೊದಲೇ ಮನೆ ಖಾಲಿ ಮಾಡಿ. ಯಾವುದೇ ಆಗಿರಲಿ, ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರ ಅಳೆದು ಬರೆದಿಡಿ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲ್ ಹೊದಿಸಿ, ನೀರು ಇಳಿಯಬಾರದು. ಸಿಲ್ವರ್ ಕಡಿದು ಇಳಿಸುವವರೆಗೆ ಹಿಂದಿನ ಕೋಣೆಯಲ್ಲಿ ಯಾರೂ ಮಲಗುವುದು ಬೇಡ.

ಈಗ ಹಲಸು. ಪೊಟರೆ ಇದ್ದ ಮಾತ್ರಕ್ಕೆ ಮರ ಬೀಳಲ್ಲ. ಮರದ ನಡುವಿನ ತಿರುಳು ಹೇಗೂ ಸತ್ತ ಭಾಗ, ತೂಕ ಹೊರುವುದು ಹೊರಗಿನ ಗೋಡೆ. ಆ ಗಟ್ಟಿ ಗೋಡೆ ತ್ರಿಜ್ಯದ ಮೂರನೇ ಒಂದು ಭಾಗವಾದರೂ ಇರಬೇಕು ಅನ್ನುವುದು ಮರ ಪರೀಕ್ಷೆ ಮಾಡುವವರ ಅಂದಾಜು. ನಿಮ್ಮ ಹಲಸಿನ ತ್ರಿಜ್ಯ ಸುಮಾರು 17 ಇಂಚು, ಹಾಗಾಗಿ 6 ಇಂಚು ಗಟ್ಟಿ ಮರ ಬೇಕು. ಪೊಟರೆಗೆ ಬಾಯಿ ತೆರೆದಿರುವುದರಿಂದ ಅದಕ್ಕಿಂತ ಜಾಸ್ತಿ ಇದ್ದರೆ ಒಳ್ಳೆಯದು. ಬಾಗಿಸಿದ ಕಂಬಿ ಒಳಗೆ ಹಾಕಿ ಎಡಬಲ ಅಳೆಯಿರಿ. ಡ್ರಿಲ್ ಹಾಕಿ ನೋಡಬೇಡಿ, ಕೊಳೆತವನ್ನು ಮರ ತಡೆದಿಟ್ಟಿರುವ ಗೋಡೆಗೇ ತೂತಾಗುತ್ತದೆ. ಆಮೇಲೆ ಮರದ ಸುತ್ತಿಗೆಯಿಂದ ಸುತ್ತಲೂ ಬಡಿಯುತ್ತಾ ಹೋಗಿ, ಟೊಳ್ಳಿರುವಲ್ಲಿ ಡಬ ಡಬ ಅನ್ನುತ್ತದೆ. ಬುಡದಲ್ಲಿ ಹಲಗೆಯ ಹಾಗೆ ಗಟ್ಟಿಯಾದ ಕಂದು ಅಣಬೆ ಇದೆಯಾ? ಸಾರು ಮಾಡುವ ಮೆತ್ತನೆ ಅಣಬೆ, ಕುಮ್ಮು, ಅಲ್ಲ, ಮರಕ್ಕೇ ಅಂಟಿಕೊಂಡಿರುವಂಥದ್ದು. ಅದು ಕಂಡರೆ ಬೇರು ಕೊಳೆತಿರಬಹುದು, ಆಗ ಲೆಕ್ಕವೇ ಬೇರೆ.

ಪಹಣಿಪುಟ:
ಕಡಿಯುವ ಮುಂಚೆ ಪಹಣಿ ನೋಡಿ. ಜಮ್ಮಾ ಬಾಣೆ (ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿಯ ಜಮೀನು) ಆಗಿದ್ದು, ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ರಿಡೀಮ್ ಆಗಿಲ್ಲ ಅಂದರೆ ಮರದ ಹಕ್ಕು ನಿಮ್ಮದಲ್ಲ, ಸರ್ಕಾರದ್ದು. ಹಲಸಿಗೂ ಸಿಲ್ವರ್‌ಗೂ ನಿಯಮ ಒಂದೇ ಅಂದುಕೊಳ್ಳಬೇಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ಬಿರುಕಿನ, ಬೇರಿನ ಫೋಟೋ ಇಟ್ಟುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ, ಮನೆಗೆ ಅಪಾಯ ಅಂತ ಬರೆದುಕೊಡಿ. ಸಾಗಿಸುವುದಿದ್ದರೆ ಅದನ್ನೂ ಆಗಲೇ ಕೇಳಿ.

ಬರೆಮನೆ:
ಅಳೆದು ನೋಡಿದೆ. ಬಿರುಕು ಮರದ ಸುತ್ತ ಮಾತ್ರ. ಹಲಸಿನ ಗೋಡೆ ಎಡಕ್ಕೆ 9 ಇಂಚು, ಬಲಕ್ಕೆ 8, ಹಿಂದೆ ಇನ್ನೂ ಜಾಸ್ತಿ. ಪೊಟರೆಯ ಅಂಚಿನಲ್ಲಿ ತೊಗಟೆ ದಪ್ಪಗೆ ಒಳಕ್ಕೆ ಸುರುಳಿ ಸುತ್ತಿದೆ. ಅಣಬೆ ಇಲ್ಲ. ಹೆಂಚಿನ ಮೇಲೆ ಚಾಚಿದ ಒಂದು ಕೊಂಬೆ ಒಣಗಿದೆ. ಪೊಟರೆಗೆ ಸಿಮೆಂಟ್ ತುಂಬಿಸೋಣ ಅಂತ ಅಪ್ಪ ಹೇಳುತ್ತಿದ್ದಾರೆ.

ಕೊಡಲಿಕಾವು:
ಸಿಮೆಂಟ್ ಬೇಡವೇ ಬೇಡ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗಲ್ಲ. ನಡುವೆ ಸಂದಿಯಾಗಿ ನೀರು ನಿಂತು ಇನ್ನೂ ಕೊಳೆಯುತ್ತದೆ. ಆ ಸುರುಳಿ ತೊಗಟೆ ಒಳ್ಳೇ ಗುರುತು, ಮರ ತಾನೇ ಗಟ್ಟಿ ಮಾಡಿಕೊಳ್ಳುತ್ತಿದೆ. ಒಣ ಕೊಂಬೆ ಮಾತ್ರ ತೆಗೆಸಿ. ಮೊದಲು ಕೆಳಗಿನಿಂದ ಅರ್ಧ ಗಾಯ ಮಾಡಿ, ಆಮೇಲೆ ಮೇಲಿಂದ ಕತ್ತರಿಸಬೇಕು, ಇಲ್ಲದಿದ್ದರೆ ತೊಗಟೆ ಸೀಳಿಕೊಂಡು ಬರುತ್ತದೆ. ಕೊನೇ ಗಾಯ ಕೊಂಬೆ ಬುಡದ ಉಬ್ಬಿನ ಹೊರಗೇ ಇರಲಿ. ಟಾರು ಬಳಿಯಬೇಡಿ. ಮಳೆ ಮುಗಿದ ಮೇಲೆ ಇನ್ನೊಮ್ಮೆ ಸುತ್ತಿಗೆ ಬಡಿದು ನೋಡಿ.

ಸಿಲ್ವರ್‌ಗೆ ಹತ್ತುವವರಿಗೆ ಬಿರುಕು ತೋರಿಸಿಯೇ ಹತ್ತಿಸಿ. ಸಿಲ್ವರನ್ನು ಗುಡ್ಡದ ಕಡೆಯ ಇನ್ನೊಂದು ಗಟ್ಟಿ ಮರಕ್ಕೆ ಹಗ್ಗದಿಂದ ಬಿಗಿದ ಮೇಲೆಯೇ ಏರಬೇಕು. ತುಂಡು ತುಂಡಾಗಿ ಇಳಿಸಲಿ. ಕರೆಂಟ್ ಲೈನ್ ಹತ್ತಿರ ಇದ್ದರೆ ಲೈನ್‌ಮ್ಯಾನ್‌ಗೆ ಹೇಳಿ ಆಫ್ ಮಾಡಿಸಿ. ಮೆಣಸಿನ ಬಳ್ಳಿಯಿಂದ ತುಂಡು ಕತ್ತರಿಸಿ ಚೀಲಕ್ಕೆ ಹಾಕಿಕೊಳ್ಳಿ, ಸುಮ್ನೆ ಹಾಳಾಗುವುದು ಬೇಡ.

ಬರೆಮನೆ:
ಕಡಿದ ಮೇಲೆ ಉಳಿಯುವ ಕುತ್ತಿಯನ್ನು (ಬುಡದ ಮೋಟನ್ನು) ಜೆಸಿಬಿಯಲ್ಲಿ ಕೀಳಿಸಲಾ?

ಕೊಡಲಿಕಾವು:
ಬೇಡ. ಗುಡ್ಡದ ಕಡೆಯ ಬೇರು ಸತ್ತರೂ ಸ್ವಲ್ಪ ವರ್ಷ ಮಣ್ಣು ಹಿಡಿದಿರುತ್ತದೆ. ಅಷ್ಟರೊಳಗೆ ಬರೆಗೆ ಅಡ್ಡಡ್ಡ ಸಾಲಿನಲ್ಲಿ ಲಾವಂಚ ನೆಡಿ, ಗಿಡದಿಂದ ಗಿಡಕ್ಕೆ ಅರ್ಧ ಅಡಿ. ಮೇಲಿನಿಂದ ಬರುವ ನೀರನ್ನು ಚರಂಡಿ ತೆಗೆದು ಪಕ್ಕಕ್ಕೆ ತಿರುಗಿಸಿ.